ಬಾಯಿಗೆ ಮೂರು ಬೆರಳು ಹಿಡಿಯುತ್ತವೆಯೇ?

"ಬರೀ ಅಡಿಕೆ ಡಾಕ್ಟ್ರೇ, ಹೊಗೆಸೊಪ್ಪು ಮುಟ್ಟಿದವನಲ್ಲ." ನಾನಿನ್ನೂ ಟಾರ್ಚ್ ಕೈಗೆತ್ತಿಕೊಂಡಿರುವುದಿಲ್ಲ, ಈ ಮಾತು ಬಂದಿರುತ್ತದೆ. "ಸರಿ, ನಿಮ್ಮ ಮೂರು ಬೆರಳು ಜೋಡಿಸಿ, ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನಡುವೆ ನಿಲ್ಲಿಸಿ ನೋಡೋಣ" ಎನ್ನುತ್ತೇನೆ. ಎರಡೇ ಹಿಡಿಯುತ್ತವೆ. ಕೆಲವರಿಗೆ ಒಂದೇ.

ಹೊಗೆಸೊಪ್ಪು ಬೆರೆಸದ ಅಡಿಕೆಯಿಂದಲೂ ಕ್ಯಾನ್ಸರ್ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1985ರಲ್ಲಿ ಹೊಗೆಸೊಪ್ಪು ಸೇರಿದ ಎಲೆಅಡಿಕೆಯನ್ನು ಮಾತ್ರ ಕ್ಯಾನ್ಸರ್‌ಕಾರಕ ಎಂದಿತ್ತು. 2004ರ ವರದಿಯಲ್ಲಿ ಅಡಿಕೆಯನ್ನೇ ಮೊದಲನೇ ಗುಂಪಿಗೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತವೆ ಎಂದು ಖಚಿತವಾದವುಗಳ ಸಾಲಿಗೆ, ಸೇರಿಸಿತು. ಸಿಗರೇಟಿನ ಹೊಗೆ ಇರುವುದೂ ಅದೇ ಗುಂಪಿನಲ್ಲಿ. ಎರಡೂ ಅಷ್ಟೇ ಅಪಾಯಕಾರಿ ಎಂದು ಇದರ ಅರ್ಥವಲ್ಲ, ಎರಡಕ್ಕೂ ಸಾಕ್ಷ್ಯ ಅಷ್ಟೇ ಗಟ್ಟಿ ಎಂದರ್ಥ.

ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ರಾಸಾಯನಿಕ ಕೆನ್ನೆಯ ಒಳಪದರದ ಕೆಳಗಿರುವ ಜೀವಕೋಶಗಳನ್ನು ಕೆಣಕುತ್ತದೆ. ಅವು ನಾರಿನಂಥ ಕೊಲಾಜನ್ ಅನ್ನು ಬೇಕಾದ್ದಕ್ಕಿಂತ ಹೆಚ್ಚು ನೇಯುತ್ತವೆ. ಅಡಿಕೆಯಲ್ಲಿರುವ ತಾಮ್ರ ಆ ನಾರುಗಳನ್ನು ಒಂದಕ್ಕೊಂದು ಬಿಗಿಯುವ ಕಿಣ್ವಕ್ಕೆ ಚುರುಕು ಕೊಡುತ್ತದೆ. ಮೊದಲು ಖಾರ ತಾಕಿದರೆ ಬಾಯಿ ಉರಿಯುತ್ತದೆ. ಆಮೇಲೆ ಕೆನ್ನೆಯ ಒಳಭಾಗ ಬಿಳಚಿಕೊಂಡು, ಬೆರಳಾಡಿಸಿದರೆ ಹಗ್ಗದಂಥ ಪಟ್ಟಿ ಸಿಗುತ್ತದೆ. ಬಾಯಿ ತೆರೆಯುವುದು ಕಡಿಮೆಯಾಗುತ್ತಾ ಬರುತ್ತದೆ. ಇದು ಇನ್ನೂ ಕ್ಯಾನ್ಸರ್ ಅಲ್ಲ, ಆದರೆ ಕೆಲವರಲ್ಲಿ ಕ್ಯಾನ್ಸರಿಗೆ ತಿರುಗುತ್ತದೆ. ಅಡಿಕೆ ಬಿಟ್ಟ ಮಾತ್ರಕ್ಕೆ ಕಟ್ಟಿಕೊಂಡ ಬಿಗಿ ಪೂರ್ತಿ ಸಡಿಲವಾಗುವುದು ಅಪರೂಪ. ರೋಗಿಗೆ ಇದನ್ನು ಹೇಳುವುದು ನನಗೆ ಇವತ್ತಿಗೂ ಕಷ್ಟವೇ. ಆದರೂ ಬಿಡಲೇಬೇಕು, ಇಲ್ಲದಿದ್ದರೆ ಬಿಗಿ ಹೆಚ್ಚುತ್ತಲೇ ಹೋಗುತ್ತದೆ. ಇನ್ನು ಸುಣ್ಣ: ಅದರ ಕ್ಷಾರದಲ್ಲಿ ಅಡಿಕೆಯಿಂದ ಹುಟ್ಟುವ ಪದಾರ್ಥಗಳು ಡಿಎನ್‌ಎಗೇ ಪೆಟ್ಟು ಕೊಡುತ್ತವೆ.

ಹೊಗೆಸೊಪ್ಪಿನ ದಾರಿ ಬೇರೆ. ಅದನ್ನು ಹದ ಮಾಡುವಾಗ ಹುಟ್ಟುವ ನೈಟ್ರೋಸಮೈನ್ ಎಂಬ ಕ್ಯಾನ್ಸರ್‌ಕಾರಕ ರಾಸಾಯನಿಕಗಳು ಎಂಜಲಿನಲ್ಲಿ ಕರಗಿ, ಸೊಪ್ಪು ಕೂತ ಜಾಗವನ್ನೇ ಹಿಡಿಯುತ್ತವೆ. ಹಾಗಾಗಿ ಎಷ್ಟೋ ಸಲ ಗಡ್ಡೆ ಬಲಗಡೆಯೋ ಎಡಗಡೆಯೋ ಎಂಬುದನ್ನು ನೋಡಿಯೇ, ಉಂಡೆಯನ್ನು ಯಾವ ಕೆನ್ನೆಗೆ ಒತ್ತಿಡುತ್ತಿದ್ದರು ಎಂದು ಹೇಳಬಹುದು. ಬೀಡಿ, ಸಿಗರೇಟಿನ ಹೊಗೆ ಇನ್ನೂ ಕೆಳಗಿಳಿದು ಗಂಟಲಿಗೂ ಧ್ವನಿಪೆಟ್ಟಿಗೆಗೂ ತಾಕುತ್ತದೆ. ಜೊತೆಗೆ ಮದ್ಯವೂ ಇದ್ದರೆ, ಎರಡರ ಅಪಾಯ ಕೂಡಿದ್ದಕ್ಕಿಂತ ಹೆಚ್ಚು. ಒಂದು ಗಡ್ಡೆ ತೆಗೆದ ಮೇಲೂ ಅದೇ ಬಾಯಲ್ಲಿ ಇನ್ನೊಂದು ಹುಟ್ಟಬಹುದು, ಏಕೆಂದರೆ ವಿಷ ತಾಕಿದ್ದು ಒಂದೇ ಚುಕ್ಕೆಗಲ್ಲ.

ತಡವಾಗಿ ಬಂದವರನ್ನು ಕಾರಣ ಕೇಳಿದರೆ "ನೋವೇ ಇರಲಿಲ್ಲ" ಎನ್ನುತ್ತಾರೆ. ಸುಳ್ಳಲ್ಲ. ಶುರುವಿನ ಕ್ಯಾನ್ಸರ್ ಬಹಳಷ್ಟು ಸಲ ನೋಯುವುದಿಲ್ಲ. ಎರಡು ಮೂರು ವಾರ ಕಳೆದರೂ ಮಾಯದ ಹುಣ್ಣು, ಬಿಳಿ ಮಚ್ಚೆ, ಅದಕ್ಕಿಂತ ಮುಖ್ಯವಾಗಿ ಕೆಂಪು ಮಚ್ಚೆ, ಬಿಡದ ಗೊಗ್ಗರು ದನಿ, ಕುತ್ತಿಗೆಯ ಗಂಟು, ಕಾರಣವಿಲ್ಲದೆ ಅಲ್ಲಾಡುವ ಹಲ್ಲು: ಇವನ್ನು ತೋರಿಸಬೇಕು. ಒಂದೇ ಕಿವಿಯ ನೋವನ್ನೂ ಮರೆಯಬೇಡಿ. ನಾಲಿಗೆಯ ಬುಡದಿಂದ, ಗಂಟಲಿನಿಂದ ಹೊರಡುವ ನರಗಳು ನೋವನ್ನು ಕಿವಿಗೆ ಒಯ್ಯುತ್ತವೆ. ವಾರಗಟ್ಟಲೆ ಕಿವಿಗೆ ಹನಿ ಹಾಕಿಸಿಕೊಂಡು ಬಂದವರ ಕಿವಿಯಲ್ಲಿ ಏನೂ ಕಾಣದಿದ್ದಾಗ, ನಾನು ಟಾರ್ಚನ್ನು ಗಂಟಲಿನತ್ತ ತಿರುಗಿಸುತ್ತೇನೆ.