ಕಾರಿಗೂ ಮನೆಗೂ ವಿಮೆ ಇರುವಾಗ ‘ಅಂಬ್ರೆಲಾ’ ಬೇರೆ ಬೇಕೆ?

ಪ್ರಶ್ನೆ: ನ್ಯೂ ಜೆರ್ಸಿಯಲ್ಲಿ ಸ್ವಂತ ಮನೆ, ಎರಡು ಕಾರು ಇವೆ. ಮಗನಿಗೆ 17 ತುಂಬಿತು, ಇನ್ನೇನು ಲೈಸೆನ್ಸ್ ಬರುತ್ತದೆ. ಏಜೆಂಟ್ 10 ಲಕ್ಷ ಡಾಲರಿನ ಅಂಬ್ರೆಲಾ ಪಾಲಿಸಿ ಮಾಡಿಸಿ ಅನ್ನುತ್ತಿದ್ದಾರೆ. ಇದು ನಿಜವಾಗಿ ಬೇಕೆ, ಅವರ ಕಮಿಷನ್ನಿಗೆ ಹೇಳುತ್ತಿದ್ದಾರೆಯೆ?

ಉತ್ತರ: ಕಮಿಷನ್ ಅವರಿಗೆ ಸಿಗುತ್ತದೆ, ನಿಜ. ಆದರೂ ನಿಮ್ಮ ಮನೆಯ ಸ್ಥಿತಿಗೆ ಅದು ಬೇಕು. ಅಂಬ್ರೆಲಾ ಅಂದರೆ ಕಾರು, ಮನೆ ವಿಮೆಗಳ ಮಿತಿ ಮುಗಿದ ಮೇಲೆ ಎದುರಿನವರಿಗೆ ಕೊಡಬೇಕಾದ ಪರಿಹಾರವನ್ನು ಭರಿಸುವ ಹೆಚ್ಚುವರಿ ಪಾಲಿಸಿ. ಅದಕ್ಕೆ ಮುಂಚೆ ಕಾರು ವಿಮೆಯ ಡಿಕ್ಲರೇಷನ್ ಪುಟ (ಯಾವುದಕ್ಕೆ ಎಷ್ಟು ಮಿತಿ ಎಂದು ತೋರಿಸುವ ಸಾರಾಂಶ) ತೆಗೆದು, ‘ಬಾಡಿಲಿ ಇಂಜುರಿ’ (ಎದುರಿನವರ ಗಾಯ, ಸಾವು) ಸಾಲಿನ ಮುಂದೆ ಯಾವ ಅಂಕಿ ಇದೆ ನೋಡಿ.

ಊರಿನಿಂದ ಬಂದ ನಮ್ಮವರು ಈ ಸಾಲನ್ನು ಓದದೆ ಬಿಡುವುದು ಸಹಜ. ಭಾರತದಲ್ಲಿ ಥರ್ಡ್ ಪಾರ್ಟಿ ವಿಮೆ ಇದ್ದರೆ, ಅಪಘಾತದಲ್ಲಿ ಎದುರಿನವರ ಸಾವು ಅಥವಾ ಗಾಯಕ್ಕೆ ಕಂಪನಿ ಕೊಡುವ ಪರಿಹಾರಕ್ಕೆ ಮೇಲ್ಮಿತಿ ಇಲ್ಲ. ಆಸ್ತಿ ನಷ್ಟಕ್ಕೆ ಮಾತ್ರ ಮಿತಿ, ಕಾರುಗಳಿಗೆ ಅದು 7.5 ಲಕ್ಷ ರೂಪಾಯಿ. ಅಮೆರಿಕದಲ್ಲಿ ಗಾಯಕ್ಕೂ ಸಾವಿಗೂ ನೀವು ಕೊಂಡಷ್ಟೇ ಮಿತಿ. ನ್ಯೂ ಜೆರ್ಸಿಯ ಸ್ಟ್ಯಾಂಡರ್ಡ್ ಪಾಲಿಸಿಗೆ 2026ರಿಂದ ಕನಿಷ್ಠ ಮಿತಿ 35/70/25. ಅಂದರೆ ಒಬ್ಬರ ಗಾಯಕ್ಕೆ 35 ಸಾವಿರ ಡಾಲರ್, ಒಂದು ಅಪಘಾತದ ಎಲ್ಲ ಗಾಯಾಳುಗಳಿಗೆ ಸೇರಿ 70 ಸಾವಿರ, ಆಸ್ತಿಗೆ 25 ಸಾವಿರ. ಕ್ಯಾಲಿಫೋರ್ನಿಯಾದಲ್ಲಿ 2025ರಿಂದ 30/60/15. ಐಸಿಯುನಲ್ಲಿ ಕೆಲವು ದಿನ ಕಳೆದರೆ ಈ ದುಡ್ಡು ಮುಗಿದುಹೋಗುತ್ತದೆ. ಮೇಲಿನದ್ದು ನಿಮ್ಮ ತಲೆಗೆ.

ಒಂದು ಲೆಕ್ಕ ಹಾಕೋಣ. ನಿಮ್ಮ ಮಿತಿ 100/300. ಮಗ ಕೆಂಪು ದೀಪ ದಾಟಿ ಬೈಕ್ ಸವಾರನಿಗೆ ಗುದ್ದಿದ. ಚಿಕಿತ್ಸೆ, ಹೋದ ಸಂಬಳ, ನೋವು ಎಲ್ಲ ಸೇರಿ 9 ಲಕ್ಷ ಡಾಲರಿಗೆ ತೀರ್ಪಾಯಿತು. ವಿಮೆ ಕೊಡುವುದು 1 ಲಕ್ಷ. ಉಳಿದ 8 ಲಕ್ಷಕ್ಕೆ ನಿಮ್ಮ ಉಳಿತಾಯ, ಷೇರು, ಮನೆಯ ಮೇಲೆ ಲಿಯೆನ್ (ಸಾಲದ ಹಕ್ಕು), ಸಂಬಳದ ಕಡಿತ. ಕಾರು ಓಡಿಸಿದವನು ಮಗನಾದರೂ ಕಾರು ಕೊಟ್ಟವರು ಎಂದು ಅಪ್ಪ ಅಮ್ಮನನ್ನೂ ಕೇಸಿಗೆ ಸೇರಿಸುವುದು ವಕೀಲರ ವಾಡಿಕೆ. ಅಂಬ್ರೆಲಾ ಇದ್ದರೆ ಕಾರು ವಿಮೆಯ ಮಿತಿ ಮುಗಿದ ಮೇಲೆ ಅದು ಶುರುವಾಗುತ್ತದೆ. ಮನೆ ವಿಮೆಯ ಮೇಲೂ ಹಾಗೆಯೇ: ಅಂಗಳದ ಹಿಮದಲ್ಲಿ ಜಾರಿಬಿದ್ದವರು, ನಾಯಿ ಕಚ್ಚಿದ ನೆರೆಯವರು, ಟ್ರ್ಯಾಂಪೊಲಿನ್‌ನಿಂದ ಬಿದ್ದ ಅತಿಥಿಯ ಮಗು. ನಾಯಿಯ ತಳಿ, ಟ್ರ್ಯಾಂಪೊಲಿನ್, ಈಜುಕೊಳದ ವಿಷಯ ಅರ್ಜಿಯಲ್ಲಿ ಮುಚ್ಚಿಡಬೇಡಿ. ಕೆಲವು ಕಂಪನಿಗಳು ಅವನ್ನು ಹೊರಗಿಡುತ್ತವೆ, ಕೆಲವು ಇರುವುದನ್ನು ಹೇಳದಿದ್ದರೆ ಕ್ಲೇಮನ್ನೇ ತಳ್ಳಿಹಾಕುತ್ತವೆ.

ಜನ ಸಿಕ್ಕಿಬೀಳುವುದು ಹೆಚ್ಚಾಗಿ ಕೆಳಗಿನ ಪಾಲಿಸಿಯ ಮಿತಿಯಲ್ಲಿ. ಅಂಬ್ರೆಲಾ ಕೊಡುವ ಕಂಪನಿ ಕಾರಿಗೆ ಸಾಮಾನ್ಯವಾಗಿ 250/500/100, ಮನೆಯ ಹೊಣೆಗಾರಿಕೆಗೆ 3 ಲಕ್ಷ ಡಾಲರ್ ಇರಲೇಬೇಕು ಅನ್ನುತ್ತದೆ. ನೀವು 100/300ರಲ್ಲೇ ಬಿಟ್ಟರೆ, ಕಾರು ವಿಮೆ 1 ಲಕ್ಷಕ್ಕೆ ನಿಲ್ಲುತ್ತದೆ, ಅಂಬ್ರೆಲಾ ಎರಡೂವರೆ ಲಕ್ಷದಿಂದ ಶುರುವಾಗುತ್ತದೆ. ನಡುವಿನ ಒಂದೂವರೆ ಲಕ್ಷ ನಿಮ್ಮ ಜೇಬಿನಿಂದ. ಆದ್ದರಿಂದ ಬೆಲೆ ಕೇಳುವಾಗ ಅಂಬ್ರೆಲಾದ ಪ್ರೀಮಿಯಂ ಒಂದನ್ನೇ ಕೇಳಬೇಡಿ. ಕೆಳಗಿನ ಮಿತಿಗಳನ್ನು ಏರಿಸಲು ಎಷ್ಟು, ಅಂಬ್ರೆಲಾಗೆ ಎಷ್ಟು, ಎರಡೂ ಸೇರಿ ಒಟ್ಟು ಎಷ್ಟು ಎಂದು ಕೇಳಿ. ಮೊದಲ 10 ಲಕ್ಷ ಡಾಲರಿಗೆ ವರ್ಷಕ್ಕೆ ಸುಮಾರು 200ರಿಂದ 400 ಡಾಲರ್ ಬೀಳುತ್ತದೆ; ಮನೆಯಲ್ಲಿ ಹದಿಹರೆಯದ ಚಾಲಕ ಇದ್ದರೆ ಇನ್ನೂ ಮೇಲೆ. ಎರಡನೆಯ 10 ಲಕ್ಷ ಮೊದಲನೆಯದಕ್ಕಿಂತ ಅಗ್ಗ.

‘ಆಸ್ತಿ ಎಷ್ಟಿದೆಯೋ ಅಷ್ಟಕ್ಕೆ ವಿಮೆ’ ಎಂಬ ಸೂತ್ರ ಅರ್ಧ ಮಾತ್ರ ಸರಿ. ಎದುರಿನವರ ಗಾಯ ನಿಮ್ಮ ಬ್ಯಾಂಕ್ ಬ್ಯಾಲೆನ್ಸ್ ನೋಡಿಕೊಂಡು ಆಗುವುದಿಲ್ಲ. 401(ಕೆ) ಎಂಬ, ಕೆಲಸದ ಮೂಲಕ ಮಾಡುವ ನಿವೃತ್ತಿ ಉಳಿತಾಯ ಖಾತೆಗೆ 1974ರ ಫೆಡರಲ್ ಕಾನೂನಿನ ರಕ್ಷಣೆ ಇದೆ, ಅದನ್ನು ಲೆಕ್ಕದಿಂದ ಬಿಡಬಹುದು. ಆದರೆ ನ್ಯೂ ಜೆರ್ಸಿಯಲ್ಲಿ ತೀರ್ಪು 20 ವರ್ಷ ಜೀವಂತ, ಆಮೇಲೆ ನವೀಕರಿಸಲೂಬಹುದು. ಇಷ್ಟು ವರ್ಷ ಸಂಬಳಕ್ಕೆ ಕೈ ಹಾಕುವ ದಾರಿ ತೆರೆದಿರುತ್ತದೆ. ಹಾಗಾಗಿ ಐಟಿಯಲ್ಲಿ ದುಡಿಯುವ 35 ವರ್ಷದವರಿಗೆ, ಮನೆಸಾಲ ಇನ್ನೂ ಬೆಟ್ಟದಷ್ಟಿದ್ದರೂ, ಮುಂದಿನ ಗಳಿಕೆಯೇ ದೊಡ್ಡ ಆಸ್ತಿ. ಟೆಕ್ಸಸ್‌ನಲ್ಲಿ ಇಂಥ ತೀರ್ಪಿಗೆ ಸಂಬಳ ಮುಟ್ಟುವಂತಿಲ್ಲ, ಸ್ವಂತ ವಾಸದ ಮನೆಗೂ ಗಟ್ಟಿ ರಕ್ಷಣೆ. ಅಲ್ಲಿನ ಲೆಕ್ಕ ಬೇರೆ.

ಅಂಬ್ರೆಲಾ ಕೊಡದ್ದು ಏನು? ನಿಮ್ಮ ಸ್ವಂತ ಗಾಯಕ್ಕೆ ಒಂದು ಸೆಂಟೂ ಇಲ್ಲ. ವಿಮೆಯಿಲ್ಲದವರು ನಿಮಗೆ ಗುದ್ದಿದರೆ ಬೇಕಾಗುವ ‘ಅನ್‌ಇನ್ಶೂರ್ಡ್ ಮೋಟರಿಸ್ಟ್’ ರಕ್ಷಣೆಯನ್ನು ಬೇರೆ ಸೇರಿಸಬೇಕು, ಕೆಲವು ಕಂಪನಿಗಳು ಅದನ್ನು ಕೊಡುವುದೇ ಇಲ್ಲ. ಬೇಕೆಂದೇ ಮಾಡಿದ ಹಾನಿ ಇಲ್ಲ. ದುಡ್ಡಿಗೆ ಮಾಡುವ ಕೆಲಸ ಇಲ್ಲ: ಊಬರ್ ಓಡಿಸುವುದು, ಮನೆಯಿಂದ ಹಬ್ಬದಡುಗೆಯ ಕೇಟರಿಂಗ್ ಎರಡೂ ಹೊರಗೆ. ಬಾಡಿಗೆಗೆ ಕೊಟ್ಟ ಎರಡನೇ ಮನೆಯನ್ನು ಪಾಲಿಸಿಯಲ್ಲಿ ನಮೂದಿಸಿರಬೇಕು. ಭೇಟಿಗೆ ಬಂದ ಅಪ್ಪ ಅಮ್ಮನ ಆಸ್ಪತ್ರೆ ಖರ್ಚಿಗೂ ಇದಕ್ಕೂ ಸಂಬಂಧವೇ ಇಲ್ಲ, ಅದು ವಿಸಿಟರ್ ವಿಮೆಯ ಕೆಲಸ. ಆದರೆ ಅಪ್ಪ ಆರು ತಿಂಗಳು ಇದ್ದು ನಿಮ್ಮ ಕಾರು ಓಡಿಸುವವರಿದ್ದರೆ, ಕಾರು ಕಂಪನಿಗೂ ಅಂಬ್ರೆಲಾ ಕಂಪನಿಗೂ ಮುಂಚೆಯೇ ತಿಳಿಸಿ.

ಬಾಡಿಗೆ ಮನೆ, ಕಾರಿಲ್ಲ, ನಾಯಿಯಿಲ್ಲ, ಈಗಷ್ಟೇ ಓದು ಮುಗಿದಿದೆ ಅನ್ನುವವರಿಗೆ ಈ ಅವಸರ ಇಲ್ಲ. ಅವರು ಬಾಡಿಗೆದಾರರ ವಿಮೆಯಲ್ಲಿ ಹೊಣೆಗಾರಿಕೆಯ ಮಿತಿಯನ್ನು 3 ಲಕ್ಷಕ್ಕೆ ಏರಿಸಿಕೊಂಡರೆ ಸದ್ಯಕ್ಕೆ ಸಾಕು.

ನೀವು ಮಾಡಿಸಿದ ಮೇಲೆ ಎರಡು ಎಚ್ಚರ. ಮಗ ಕಾಲೇಜಿಗೆ ಹೋದಾಗ ಅವನ ಹೆಸರಿಗೇ ಕಾರು ಬರೆಸಿ ಬೇರೆ ಅಗ್ಗದ ಪಾಲಿಸಿ ಕೊಡಿಸಿದರೆ, ಆ ಕಾರು ನಿಮ್ಮ ಅಂಬ್ರೆಲಾದಿಂದ ಆಚೆ ಉಳಿಯಬಹುದು. ಬರೆಸುವ ಮೊದಲು ಕೇಳಿ. ಇನ್ನೊಂದು, 40 ಡಾಲರ್ ಉಳಿಯಿತು ಎಂದು ಆನ್‌ಲೈನಿನಲ್ಲಿ ಕಾರು ವಿಮೆ ಬದಲಿಸುವವರು ಮಿತಿಯ ಅಂಕಿ ಇಳಿದದ್ದನ್ನು ಗಮನಿಸುವುದಿಲ್ಲ. ಕಂಪನಿ ಬದಲಿಸಿದ ದಿನವೇ ಹೊಸ ಡಿಕ್ಲರೇಷನ್ ಪುಟವನ್ನು ಅಂಬ್ರೆಲಾ ಕಂಪನಿಗೆ ಕಳಿಸಿ, ಸರಿಯಿದೆ ಎಂದು ಬರಹದಲ್ಲಿ ಉತ್ತರ ತರಿಸಿಕೊಳ್ಳಿ.