ಬೆಂಚಿನ ಹಲಗೆಗೆ ಬಿಡಬೇಕಾದ ಮೂರು ಮಿಲಿಮೀಟರ್

ಮನೆಯೊಳಗೆ ಇಬ್ಬರು ಕೂರುವಂಥ ಮರದ ಬೆಂಚಿಗೆ ಬೇಕಾಗುವ ಸಾಮಾನು ಹೆಚ್ಚೇನಿಲ್ಲ. ನಾಲ್ಕು ಅಡಿ ಉದ್ದ, ಒಂದು ಅಡಿ ಅಗಲದ ಹಲಗೆ, ಒಂದೂವರೆ ಅಡಿ ಎತ್ತರದ ನಾಲ್ಕು ಕಾಲುಗಳು, ಅವುಗಳನ್ನು ಕೂಡಿಸುವ ಪಟ್ಟಿಗಳು, ಇಷ್ಟಿದ್ದರೆ ಸಾಕು. ಆದರೂ ವರ್ಷ ತುಂಬುವುದರೊಳಗೆ ಹಲಗೆ ಸೀಳುಬಿಟ್ಟರೆ ನಾವು ಮರವನ್ನು ದೂರುತ್ತೇವೆ. ಬಹಳಷ್ಟು ಸಲ ತಪ್ಪಿರುವುದು ಮರದಲ್ಲಲ್ಲ, ಅದನ್ನು ಮಿಸುಕಾಡದಂತೆ ಬಿಗಿದ ರೀತಿಯಲ್ಲಿ.

ಮರದ ಕೋಶಭಿತ್ತಿಗಳು ಗಾಳಿಯಲ್ಲಿರುವ ತೇವವನ್ನು ಹೀರುತ್ತವೆ, ಗಾಳಿ ಒಣಗಿದಾಗ ಬಿಟ್ಟುಕೊಡುತ್ತವೆ. ಹಸಿ ಮರ ಒಣಗುತ್ತ ಅದರ ತೇವಾಂಶ ಸುಮಾರು 30 ಶೇಕಡಾಕ್ಕಿಂತ ಕೆಳಗಿಳಿದ ಮೇಲೆ ಭಿತ್ತಿಗಳೇ ಕುಗ್ಗತೊಡಗುತ್ತವೆ. ಗಾಳಿಯ ಸಾಪೇಕ್ಷ ಆರ್ದ್ರತೆ 65 ಶೇಕಡಾ ಇದ್ದಾಗ ಮರ ಸುಮಾರು 12 ಶೇಕಡಾ ತೇವದಲ್ಲಿ ನಿಲ್ಲುತ್ತದೆ, 40 ಶೇಕಡಾ ಇದ್ದಾಗ ಎಂಟರ ಆಸುಪಾಸಿಗೆ ಇಳಿಯುತ್ತದೆ. ಬೆಂಗಳೂರಿನಲ್ಲಿ ಮಾರ್ಚ್ ತಿಂಗಳ ಮಧ್ಯಾಹ್ನದ ಗಾಳಿ ಅದಕ್ಕಿಂತಲೂ ಒಣಗಿರುತ್ತದೆ, ಆಗಸ್ಟ್ ತಿಂಗಳ ಮುಂಜಾವಿನಲ್ಲಿ ಆರ್ದ್ರತೆ 80 ಶೇಕಡಾ ದಾಟುತ್ತದೆ. ಹೀಗೆ ನಮ್ಮ ಬೆಂಚು ಪ್ರತಿವರ್ಷ ಬೇಸಿಗೆಯಲ್ಲಿ ಕುಗ್ಗಿ, ಮಳೆಗಾಲದಲ್ಲಿ ಹಿಗ್ಗುತ್ತದೆ. ಪಾಲಿಶ್ ಈ ಹೋಗಿಬರುವಿಕೆಯನ್ನು ನಿಧಾನಗೊಳಿಸುತ್ತದೆಯೇ ಹೊರತು ತಡೆಯುವುದಿಲ್ಲ.

ಆದರೆ ಈ ಹಿಗ್ಗುವಿಕೆ ಎಲ್ಲ ದಿಕ್ಕಿಗೂ ಒಂದೇ ಸಮನಾಗಿಲ್ಲ. ಸೆಲ್ಯುಲೋಸಿನ ಎಳೆಗಳು ಹೆಚ್ಚುಕಡಿಮೆ ಕಾಂಡದ ಉದ್ದಕ್ಕೇ ಹಾಸಿಕೊಂಡಿದ್ದು, ನೀರು ಅವುಗಳ ನಡುವೆ ಸೇರಿ ಅವನ್ನು ಪಕ್ಕಕ್ಕೆ ತಳ್ಳುವುದರಿಂದ, ಹಲಗೆ ಅಗಲದಲ್ಲಿ ಬದಲಾಗುತ್ತದೆ, ಉದ್ದದಲ್ಲಿ ಬದಲಾಗುವುದು ಅತ್ಯಲ್ಪ. ಅಲುಗಾಟ ಕಡಿಮೆಯೆಂದು ಹೆಸರಾದ ತೇಗವನ್ನೇ ತೆಗೆದುಕೊಂಡರೂ, 300 ಮಿಲಿಮೀಟರ್ ಅಗಲದ ಹಲಗೆಯ ತೇವಾಂಶ ಐದು ಶೇಕಡಾದಷ್ಟು ಏರಿಳಿದರೆ ಅಗಲ ಸುಮಾರು ಮೂರು ಮಿಲಿಮೀಟರ್ ಬದಲಾಗುತ್ತದೆ. ನಾಲ್ಕು ಅಡಿ ಉದ್ದದಲ್ಲಿ ಆಗುವ ಬದಲಾವಣೆ ಅರ್ಧ ಮಿಲಿಮೀಟರನ್ನೂ ಮುಟ್ಟುವುದಿಲ್ಲ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಿಂದ ಬರುವ ಸಿಲ್ವರ್ ಓಕ್ ಅಗ್ಗದ್ದು, ಕೆಲಸಕ್ಕೂ ಸುಲಭ, ಆದರೆ ತೇಗಕ್ಕಿಂತ ಹೆಚ್ಚು ಅಲುಗುತ್ತದೆ. ಕೊಂಡದ್ದು ನಿಜವಾಗಿ ತೇಗವೇ ಎಂಬ ಅನುಮಾನ ಬಂದವರಿಗೆ ಮಲ್ಲೇಶ್ವರದಲ್ಲಿ ಮರದ ಜಾತಿ ಗುರುತಿಸಿಕೊಡುವ ಕೇಂದ್ರ ಸರ್ಕಾರದ ಮರವಿಜ್ಞಾನ ಸಂಸ್ಥೆಯೇ ಇದೆ.

ಹಲಗೆಯ ಕೆಳಗೆ ಅಡ್ಡಲಾಗಿ ಒಂದು ಪಟ್ಟಿಯನ್ನು ಫೆವಿಕಾಲ್ ಹಚ್ಚಿ ಸ್ಕ್ರೂಗಳಿಂದ ಬಿಗಿದರೆ ಆಗುವ ಅನಾಹುತ ಈಗ ಸ್ಪಷ್ಟವಾಗುತ್ತದೆ. ಪಟ್ಟಿಯ ಉದ್ದ ಬದಲಾಗದು, ಹಲಗೆಯ ಅಗಲ ಬದಲಾಗಲೇಬೇಕು. ಬೇಸಿಗೆಯಲ್ಲಿ ಕುಗ್ಗಲು ಬಿಡದಿದ್ದರೆ ಹಲಗೆ ತನ್ನ ಎಳೆಗುಂಟ ಸೀಳುತ್ತದೆ. ಪರಿಹಾರ ಸರಳ. ಹಲಗೆಗೆ ಅಂಟು ಹಚ್ಚಬಾರದು, ಸ್ಕ್ರೂಗಳಿಂದ ಮಾತ್ರ ಹಿಡಿಸಬೇಕು. ಅಡ್ಡಪಟ್ಟಿಯ ಮುಂಭಾಗದಲ್ಲಿ ದುಂಡು ತೂತು ಸಾಕು, ಹಿಂಭಾಗದ ತೂತನ್ನು ಬೆಂಚಿನ ಅಗಲದ ದಿಕ್ಕಿಗೆ ಉದ್ದವಾಗಿ ಕೊರೆದು, ವಾಷರ್ ಇಟ್ಟು, ಸ್ಕ್ರೂವನ್ನು ತೀರಾ ಬಿಗಿಯದೆ ಬಿಡಬೇಕು. ಆಗ ಮುಂಬದಿಯ ಅಂಚು ನಿಂತಲ್ಲೇ ನಿಂತು, ಹಿಂಬದಿ ತನಗೆ ಬೇಕಾದಷ್ಟು ಸರಿದಾಡುತ್ತದೆ. ನನ್ನ ಮಟ್ಟಿಗೆ, ಇಡೀ ಬೆಂಚಿನಲ್ಲಿ ಬುದ್ಧಿ ಖರ್ಚು ಮಾಡಬೇಕಾದ ಜಾಗ ಈ ಒಂದು ತೂತು.

ಹಲಗೆ ಬಾಗುವುದರ ಬಗ್ಗೆ ಜನ ಅನಗತ್ಯವಾಗಿ ಹೆದರಿ ದಪ್ಪ ಹಲಗೆಗೆ ದುಡ್ಡು ಸುರಿಯುತ್ತಾರೆ. ಬಾಗದಿರುವ ಶಕ್ತಿ ದಪ್ಪದ ಘನಕ್ಕೆ ತಕ್ಕಂತೆ ಹೆಚ್ಚುವುದು ನಿಜ. 25 ಮಿಲಿಮೀಟರ್ ಬದಲು 36 ಹಾಕಿದರೆ ಬಿಗುವು ಮೂರು ಪಟ್ಟಾಗುತ್ತದೆ. ಆದರೆ 20 ಮಿಲಿಮೀಟರ್ ದಪ್ಪ, 75 ಮಿಲಿಮೀಟರ್ ಎತ್ತರದ ಪಟ್ಟಿಯೊಂದನ್ನು ನೆಟ್ಟಗೆ ನಿಲ್ಲಿಸಿ ಬೆಂಚಿನ ಉದ್ದಕ್ಕೆ ಕೊಟ್ಟರೆ, ಅದೊಂದೇ 25 ಮಿಲಿಮೀಟರ್ ದಪ್ಪದ ಆ ಇಡೀ ಹಲಗೆಗಿಂತ ಸುಮಾರು 1.8 ಪಟ್ಟು ಬಿಗಿ. ಮುಂದೊಂದು ಹಿಂದೊಂದು ಇಂಥ ಪಟ್ಟಿಯಿದ್ದರೆ ಭಾರವಾದ ಹಲಗೆಯ ಅಗತ್ಯವೇ ಬೀಳದು. ಈ ಎತ್ತರದ ಪಟ್ಟಿಗಳು ಕಾಲುಗಳನ್ನು ಸೇರುವ ಕಡೆ ಬೆಂಚು ಓಲಾಡದಂತೆಯೂ ತಡೆಯುತ್ತವೆ. ಅಲ್ಲಿ ಮಾತ್ರ ಅಂಟು ಧಾರಾಳವಾಗಿರಲಿ, ಏಕೆಂದರೆ ಆ ಕೂಡಿಕೆಯಲ್ಲಿ ಅಗಲದ ವ್ಯತ್ಯಾಸ ಚಿಕ್ಕದು.

ಕೊನೆಯದಾಗಿ ಕಾಲಿನ ತಳ. ದಿನವೂ ನೆಲ ಒರೆಸುವ ಮನೆಗಳಲ್ಲಿ ನೀರು ಮೊದಲು ತಾಗುವುದು ಅಲ್ಲಿಗೇ, ಮತ್ತು ಕೊರೆದ ತುದಿಯಲ್ಲಿ ಬಾಯಿ ತೆರೆದ ನಾಳಗಳು ಪಕ್ಕದ ಮೈಗಿಂತ ಎಷ್ಟೋ ಪಟ್ಟು ವೇಗವಾಗಿ ನೀರೆಳೆಯುತ್ತವೆ. ಬೆಂಚನ್ನು ತಲೆಕೆಳಗು ಮಾಡಿ ಆ ನಾಲ್ಕು ತುದಿಗಳಿಗೆ ಎರಡು ಮೂರು ಸಲ ವಾರ್ನಿಶ್ ಕುಡಿಸಿ, ಒಣಗಿದ ಮೇಲೆ ರಬ್ಬರ್ ಬುಷ್ ಹಾಕಬೇಕು.