ನಿಲ್ಲುವುದನ್ನು ಕಲಿಯುವ ಆರು ವಾರ

ಜುಲೈ ಬಂತೆಂದರೆ ಫುಟ್‌ಬಾಲ್ ಅಭಿಮಾನಿಗೆ ಬರಗಾಲ. ಇಂಗ್ಲೆಂಡಿನ ಲೀಗ್ ಶುರುವಾಗುವುದು ಆಗಸ್ಟ್‌ನಲ್ಲಿ. ಅಲ್ಲಿಯ ತನಕ ಮೊಬೈಲಿನಲ್ಲಿ ಸಿಗುವುದು ಪಾಯಿಂಟ್ ಇಲ್ಲದ ಸೌಹಾರ್ದ ಪಂದ್ಯಗಳು, ಕೋನ್‌ಗಳ ಸುತ್ತ ಓಡುವ ಆಟಗಾರರ ಅರ್ಧ ನಿಮಿಷದ ತುಣುಕುಗಳು. ಅದೇ ಹೊತ್ತಿಗೆ ಚಿತ್ರದುರ್ಗದಲ್ಲಿ ಮಳೆಗಿಂತ ಗಾಳಿಯೇ ಜೋರು. ಗುಡ್ಡದ ಮೇಲೆ ಗಾಳಿಯಂತ್ರಗಳು ಬಿಡುವಿಲ್ಲದೆ ತಿರುಗುತ್ತಿದ್ದರೆ, ಕೆಳಗೆ ಊರಿನ ಮೈದಾನಗಳಲ್ಲಿ ಕಾಲೇಜು ಹುಡುಗರು ಮತ್ತೆ ಸ್ಟಡ್ಸ್ (ಅಡಿಯಲ್ಲಿ ಮೊಳೆಗಳಿರುವ ಶೂ) ಕಟ್ಟುತ್ತಾರೆ. ಕಟ್ಟೆಯ ಮೇಲೆ ಮ್ಯಾಂಚೆಸ್ಟರ್ ಜೆರ್ಸಿ ತೊಟ್ಟು ನೋಡುವವರೂ ಇರುತ್ತಾರೆ. (ಅರವತ್ತು ಕಿಲೋಮೀಟರ್ ದೂರದ ದಾವಣಗೆರೆಗೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಹೆಸರು ಬಂದದ್ದು ಹತ್ತಿ ಗಿರಣಿಗಳಿಂದ, ಗೋಲುಗಳಿಂದಲ್ಲ.)

ನೋಡುವವರ ಕಣ್ಣೆಲ್ಲ ಯಾರು ಜೋರಾಗಿ ಓಡುತ್ತಾರೆ, ಯಾರಿಗೆ ಏದುಸಿರು ಬಂತು ಎಂಬುದರ ಮೇಲೆ. ಪ್ರಿ-ಸೀಸನ್, ಅಂದರೆ ಪಂದ್ಯಗಳ ಋತುವಿಗೆ ಮುಂಚಿನ ಈ ಆರು ವಾರದ ತಾಲೀಮಿನ ತಿರುಳು ಕಾಣಬೇಕಾದರೆ ಓಟವನ್ನಲ್ಲ, ಓಟ ನಿಲ್ಲುವ ಘಳಿಗೆಯನ್ನು ನೋಡಬೇಕು.

ಒಂದು ಲೆಕ್ಕ ಹಾಕೋಣ. 70 ಕಿಲೋ ತೂಕದ ಹುಡುಗ ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಓಡುತ್ತಿದ್ದಾನೆ. ಅವನ ಮೈಯಲ್ಲಿರುವ ಚಲನಶಕ್ತಿ ಸುಮಾರು 1,700 ಜೂಲ್. ಎಷ್ಟು ಎತ್ತರದಿಂದ ಧುಮುಕಿದರೆ ನೆಲ ಮುಟ್ಟುವಾಗ ಇಷ್ಟು ಶಕ್ತಿ ಇರುತ್ತದೆ? ಹೆಚ್ಚೂಕಡಿಮೆ ಎರಡೂವರೆ ಮೀಟರ್. ಗೋಲಿನ ಅಡ್ಡಪಟ್ಟಿ ಇರುವುದು 2.44 ಮೀಟರ್ ಎತ್ತರದಲ್ಲಿ. ಅಂದರೆ ಪೂರ್ತಿ ಓಟದಿಂದ ತಟ್ಟನೆ ನಿಲ್ಲುವ ಆಟಗಾರ, ಗೋಲಿನ ಅಡ್ಡಪಟ್ಟಿಯಿಂದ ಧುಮುಕಿದವನಷ್ಟೇ ಶಕ್ತಿಯನ್ನು ಕಾಲುಗಳಲ್ಲಿ ಅರಗಿಸಿಕೊಳ್ಳಬೇಕು. ಧುಮುಕಿದವನಿಗೆ ಅದು ಒಂದೇ ಏಟಿಗೆ ಬೀಳುತ್ತದೆ, ಓಡಿ ನಿಲ್ಲುವವನು ನಾಲ್ಕೈದು ಹೆಜ್ಜೆಗಳಿಗೆ ಹಂಚುತ್ತಾನೆ. ವ್ಯತ್ಯಾಸ ಅಷ್ಟೇ. ಪಂದ್ಯವೊಂದರಲ್ಲಿ ಇಂಥ ಜೋರು ಬ್ರೇಕುಗಳ ಸಂಖ್ಯೆ, ಜೋರಾಗಿ ವೇಗ ಏರಿಸುವ ಸಂದರ್ಭಗಳಿಗಿಂತ ಸಾಮಾನ್ಯವಾಗಿ ಹೆಚ್ಚೇ ಇರುತ್ತದೆ.

ಬಾವಿಯಿಂದ ಕೊಡ ಸೇದಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ತುಂಬಿದ ಕೊಡವನ್ನು ಮೇಲೆಳೆಯುವಾಗ ತೋಳು ಸೋಲುತ್ತದೆ, ಉಸಿರು ಹೋಗುತ್ತದೆ. ಅದೇ ಭಾರವನ್ನು ಹಗ್ಗ ಬಿಗಿಹಿಡಿದು ನಿಧಾನ ಕೆಳಗೆ ಬಿಡುವಾಗ ಉಸಿರಿಗೆ ಕಷ್ಟವಿಲ್ಲ, ಅಂಗೈ ಕಿತ್ತುಬರುತ್ತದೆ. ಸ್ನಾಯುವೂ ಹಾಗೆಯೇ. ಕುಗ್ಗುತ್ತ ಎಳೆಯುವುದು ಒಂದು ಕೆಲಸ, ಹಿಗ್ಗುತ್ತಲೇ ತಡೆಹಿಡಿಯುವುದು ಇನ್ನೊಂದು. ಎರಡನೆಯದರಲ್ಲಿ ಸ್ನಾಯು ಹೆಚ್ಚು ಬಲ ಹುಟ್ಟಿಸುತ್ತದೆ, ಆದರೆ ಕಡಿಮೆ ಆಮ್ಲಜನಕ ಬಳಸುತ್ತದೆ. ಹಾಗಾಗಿ ಹೃದಯ ಬಡಿತ ನೋಡಿ ಈ ಕೆಲಸವನ್ನು ಅಳೆಯಲಾಗದು. ನೋಡುವವರಿಗೂ ತಿಳಿಯದು, ಮಾಡುವವನಿಗೂ ಆ ಹೊತ್ತಿಗೆ ತಿಳಿಯದು. ಮಾರನೆಯ ದಿನ ಮೆಟ್ಟಿಲಿಳಿಯುವಾಗ ತಿಳಿಯುತ್ತದೆ.

ನಮ್ಮ ಕಡೆ ತಾಲೀಮು ಶುರುವಾದ ದಿನವೇ ತಂಡವನ್ನು ಜೋಗಿಮಟ್ಟಿ ರಸ್ತೆಯ ಏರಿಗೆ ಓಡಿಸುವುದೆಂದರೆ ಕೆಲವು ಕೋಚ್‌ಗಳಿಗೆ ಬಲು ಪ್ರೀತಿ. ಏರು ಹತ್ತುವುದರಲ್ಲಿ ತಪ್ಪಿಲ್ಲ. ಹೃದಯಕ್ಕೆ ಒಳ್ಳೆಯ ಕೆಲಸ, ಕಾಲಿಗೆ ಬೀಳುವ ಏಟೂ ಕಡಿಮೆ. ಎಡವಟ್ಟಾಗುವುದು ಇಳಿಯುವಾಗ. ಇಳಿಜಾರಿನಲ್ಲಿ ಪ್ರತಿ ಹೆಜ್ಜೆಯೂ ಒಂದು ಬ್ರೇಕ್. ‘ಇಳಿಯೋದು ಆರಾಮ’ ಎಂದು ಹುಡುಗರು ಕೇಕೆ ಹಾಕುತ್ತ ಓಡಿಬರುತ್ತಾರೆ. 24 ಗಂಟೆಯೊಳಗೆ ತೊಡೆಯ ಮುಂಭಾಗ ಬಿಗಿಯುತ್ತದೆ, ಎರಡು ಮೂರನೇ ದಿನ ನೋವು ಶಿಖರ ಮುಟ್ಟುತ್ತದೆ, ಆ ವಾರದ ಉಳಿದ ತಾಲೀಮೆಲ್ಲ ಕುಂಟಾಟ. ಈ ನೋವನ್ನು ‘ಲ್ಯಾಕ್ಟಿಕ್ ಆಸಿಡ್ ಕಟ್ಟಿಕೊಂಡಿದೆ’ ಎಂದು ವಿವರಿಸುವ ರೂಢಿ ಇನ್ನೂ ಹೋಗಿಲ್ಲ. ಓಟದಲ್ಲಿ ಹುಟ್ಟಿದ ಲ್ಯಾಕ್ಟೇಟ್ (ಮೈಯಲ್ಲಿ ಆ ಆಸಿಡ್ ಇರುವ ರೂಪ) ಒಂದೆರಡು ಗಂಟೆಯಲ್ಲಿ ರಕ್ತದಿಂದ ಖಾಲಿಯಾಗಿರುತ್ತದೆ. ಎರಡು ದಿನದ ಮೇಲೆ ನೋಯುವುದು ಎಳೆತಕ್ಕೆ ಸಿಕ್ಕಿ ಸಣ್ಣದಾಗಿ ಘಾಸಿಯಾದ ಸ್ನಾಯು ಎಳೆಗಳು ಮತ್ತು ಅವನ್ನು ದುರಸ್ತಿ ಮಾಡುವ ಉರಿಯೂತ. ಅದಕ್ಕೆ ಪರಿಹಾರ ಏರನ್ನು ಓಡಿ ಹತ್ತಿಸಿ, ನಡೆದು ಇಳಿಸುವುದು. ಇಳಿಯುವ ಓಟ ಬೇಕೇಬೇಕೆಂದರೆ ಮೊದಲ ವಾರ ನೂರಿನ್ನೂರು ಮೀಟರ್ ಸಾಕು. ಹೀಗೆ ಒಮ್ಮೆ ಅಲ್ಪ ಪ್ರಮಾಣದಲ್ಲಿ ರುಚಿ ತೋರಿಸಿದರೆ ಸ್ನಾಯು ಅದನ್ನು ನೆನಪಿಡುತ್ತದೆ. ಮುಂದಿನ ಕೆಲವು ವಾರ ಅದೇ ಕೆಲಸಕ್ಕೆ ಅಷ್ಟು ನೋಯುವುದಿಲ್ಲ.

ಇಲ್ಲೊಂದು ಮೋಸವೂ ಇದೆ. ನಾಲ್ಕು ವಾರ ಪೂರ್ತಿ ಸುಮ್ಮನಿದ್ದ ಆಟಗಾರನ ಮೈಯಲ್ಲಿ ಮೊದಲು ಇಳಿಯುವುದು ರಕ್ತದ ದ್ರವಾಂಶ. ಎರಡು ವಾರದೊಳಗೇ ಅದು ಗೊತ್ತಾಗುವಷ್ಟು ಕಡಿಮೆಯಾಗಿ, ಹೃದಯ ಪ್ರತಿ ಬಡಿತಕ್ಕೆ ತಳ್ಳುವ ರಕ್ತವೂ ಇಳಿಯುತ್ತದೆ. ಆದರೆ ಬೇಗ ಹೋದದ್ದು ಬೇಗ ಬರುತ್ತದೆ. ತಾಲೀಮು ಶುರುವಾದ ಒಂದೆರಡು ವಾರದಲ್ಲಿ ದಮ್ಮು ತಿರುಗಿ ಬಂದಂತೆ ಅನಿಸುತ್ತದೆ. ಸ್ನಾಯುವನ್ನು ಎಲುಬಿಗೆ ಕಟ್ಟುವ ಸ್ನಾಯುರಜ್ಜುಗಳು ಹಾಗಲ್ಲ. ಅವು ಹದಕ್ಕೆ ಬರಲು ತಿಂಗಳುಗಳೇ ಬೇಕು. ಉಸಿರು ಮುಂದೆ, ಕಾಲು ಹಿಂದೆ. ಮೂರನೇ ವಾರದಲ್ಲಿ ‘ಫುಲ್ ಫಿಟ್’ ಎಂದು ಹಾರಾಡುವ ಹುಡುಗನನ್ನು ತಡೆದು ನಿಲ್ಲಿಸುವ ಕೋಚ್‌ಗೆ ಕಟ್ಟೆಯ ಮೇಲಿನವರು ಬೈಯುವುದುಂಟು. ಕೋಚ್ ಮಾಡಿದ್ದೇ ಸರಿ.

ಫುಟ್‌ಬಾಲಿನಲ್ಲಿ ಹೆಚ್ಚು ಕಾಡುವ ಗಾಯ ತೊಡೆಯ ಹಿಂಭಾಗದ್ದು, ಹ್ಯಾಮ್‌ಸ್ಟ್ರಿಂಗ್. ಜೋರಾಗಿ ಓಡುವಾಗ ಕಾಲನ್ನು ಮುಂದೆ ಬೀಸಿ, ಪಾದ ನೆಲ ಮುಟ್ಟುವ ಮುನ್ನ, ಆ ಬೀಸಿಗೆ ಬ್ರೇಕ್ ಹಾಕುವುದು ಈ ಸ್ನಾಯು. ಹರಿಯುವುದೂ ಹೆಚ್ಚಾಗಿ ಆ ಕ್ಷಣದಲ್ಲೇ. ಇದಕ್ಕೆ ದುಡ್ಡಿಲ್ಲದ ಮದ್ದು ನಾರ್ಡಿಕ್ ವ್ಯಾಯಾಮ. ಮಡಚಿದ ಗೋಣಿಚೀಲದ ಮೇಲೆ ಮಂಡಿಯೂರಿ ಕೂರಬೇಕು. ಜೊತೆಗಾರ ಹಿಂದೆ ಕೂತು ಎರಡೂ ಹರಡುಗಳನ್ನು ಮೈಭಾರ ಹಾಕಿ ಒತ್ತಿಹಿಡಿಯಬೇಕು. ಮಂಡಿಯಿಂದ ತಲೆಯ ತನಕ ಮೈ ನೇರವಾಗಿಟ್ಟು, ಬೀಳದಂತೆ ತಡೆಯುತ್ತ, ಆದಷ್ಟು ನಿಧಾನ ಮುಂದಕ್ಕೆ ವಾಲಬೇಕು. ಇನ್ನು ತಡೆಯಲಾಗದು ಎನಿಸಿದಾಗ ಕೈಯೂರಿ, ಕೈಯಿಂದಲೇ ತಳ್ಳಿಕೊಂಡು ಎದ್ದು ಕೂರಬೇಕು. ಮೊದಲ ವಾರ ಒಂದೇ ದಿನ, 5ರಂತೆ ಎರಡು ಸುತ್ತು. ಎರಡನೇ ವಾರ ಎರಡು ದಿನ, 6ರಂತೆ ಎರಡು ಸುತ್ತು. ಮೂರನೇ ವಾರ ಮೂರು ದಿನ, 6ರಿಂದ 8ರಂತೆ ಮೂರು ಸುತ್ತು. ನಾಲ್ಕನೇ ವಾರ ಅದೇ ಮೂರು ದಿನ, 8ರಿಂದ 10ರಂತೆ ಮೂರು ಸುತ್ತು. ಐದರಿಂದ ಹತ್ತನೇ ವಾರದ ತನಕ, ಅಂದರೆ ಪ್ರಿ-ಸೀಸನ್ ಮುಗಿದ ಮೇಲೂ, ವಾರಕ್ಕೆ ಅದೇ ಮೂರು ದಿನ, 12, 10, 8ರ ಮೂರು ಸುತ್ತು. ಸಾಮಾನ್ಯವಾಗಿ ಕೆಡುವುದು ಎರಡು ಕಡೆ. ಸೊಂಟ ಮಡಚಿ ಪೃಷ್ಠ ಹಿಂದೆ ಉಳಿಸಿ ಬಾಗಿದರೆ ತೊಡೆಗೆ ಭಾರವೇ ಬೀಳುವುದಿಲ್ಲ, ಅದು ನಮಸ್ಕಾರವಾಗುತ್ತದೆ. ಅರ್ಧಕ್ಕೇ ಧೊಪ್ಪೆಂದು ಬೀಳುವುದು ಇನ್ನೊಂದು. ತಾಲೀಮಿನ ಕೊನೆಯಲ್ಲಿ ಮಾಡಿಸಬೇಕು, ಸ್ಪ್ರಿಂಟ್ ದಿನದ ಆರಂಭದಲ್ಲಿ ಬೇಡ. ಡೆನ್ಮಾರ್ಕಿನಲ್ಲಿ 50 ತಂಡಗಳ 942 ಆಟಗಾರರ ಮೇಲೆ ಇದನ್ನು ಪರೀಕ್ಷಿಸಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ವ್ಯಾಯಾಮ ಮಾಡಿದವರಲ್ಲಿ 15 ಹ್ಯಾಮ್‌ಸ್ಟ್ರಿಂಗ್ ಗಾಯಗಳು, ಮಾಡದವರಲ್ಲಿ 52. ಇಷ್ಟಾದರೂ ನಮ್ಮ ಮೈದಾನಗಳಲ್ಲಿ ಇದು ಕಾಣಸಿಗುವುದು ಅಪರೂಪ. ಬಹುಶಃ ನೋಡಲು ತಮಾಷೆಯಾಗಿದೆ ಎಂಬುದೇ ಕಾರಣ.

ವಾರ್ಮ್ ಅಪ್ ನಡೆಯುವಾಗ ಮಂಡಿಗಳನ್ನು ನೋಡಿ. ಜಿಗಿದು ಇಳಿದವನ, ಓಡಿ ತಿರುಗಿದವನ ಮಂಡಿ ಪಾದದ ನೇರಕ್ಕಿದೆಯೋ ಒಳಕ್ಕೆ ಕುಸಿಯುತ್ತದೋ? ಮಂಡಿಯೊಳಗೆ ಎಲುಬಿಗೆ ಎಲುಬು ಕಟ್ಟುವ ಲಿಗಮೆಂಟ್ ಹರಿಯುವುದು ಹೆಚ್ಚಾಗಿ ಎದುರಾಳಿ ಗುದ್ದಿ ಅಲ್ಲ, ಹೀಗೆ ಒಳಕ್ಕೆ ಕುಸಿದು, ಪಾದ ನೆಲ ಮುಟ್ಟಿದ ಸುಮಾರು 40 ಮಿಲಿಸೆಕೆಂಡಿನಲ್ಲಿ. ಎಚ್ಚೆತ್ತು ಸರಿಪಡಿಸಿಕೊಳ್ಳುವಷ್ಟು ಸಮಯವಿಲ್ಲ, ಮೊದಲೇ ರೂಢಿಯಾಗಿರಬೇಕು. ಹುಡುಗಿಯರ ತಂಡಗಳಲ್ಲಿ ಈ ಅಪಾಯ ಇನ್ನೂ ಹೆಚ್ಚು. ಫಿಫಾ ರೂಪಿಸಿದ ‘11+’ ಎಂಬ ವಾರ್ಮ್ ಅಪ್‌ನಲ್ಲಿ 15 ವ್ಯಾಯಾಮಗಳಿವೆ, ಒಟ್ಟು 20 ನಿಮಿಷ: ನಿಧಾನ ಓಟ 8 ನಿಮಿಷ, ಬಲ ಮತ್ತು ಸಮತೋಲನ 10 ನಿಮಿಷ, ಜೋರು ಓಟ 2 ನಿಮಿಷ. ನಾರ್ಡಿಕ್ ಕೂಡ ಇದರಲ್ಲೇ ಸೇರಿದೆ. ನಾರ್ವೆಯಲ್ಲಿ 13ರಿಂದ 17 ವರ್ಷದ ಹುಡುಗಿಯರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಟ್ಟಾರೆ ಗಾಯಗಳು ಸುಮಾರು ಮೂರನೇ ಒಂದರಷ್ಟು ತಗ್ಗಿದ್ದವು.

ದಮ್ಮು ಅಳೆಯಲು ಯೋ-ಯೋ ಪರೀಕ್ಷೆ. ಡೆನ್ಮಾರ್ಕಿನ ಕ್ರೀಡಾವಿಜ್ಞಾನಿ ಯೆನ್ಸ್ ಬಾಂಗ್ಸ್‌ಬೋ ರೂಪಿಸಿದ್ದು. 20 ಮೀಟರ್ ಹೋಗಿ, ತಿರುಗಿ, 20 ಮೀಟರ್ ಬರಬೇಕು, 10 ಸೆಕೆಂಡ್ ಬಿಡುವು, ಮತ್ತೆ ಓಟ. ಮೊದಲ ಹಂತ ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಶುರುವಾಗಿ ಬೀಪ್‌ಗಳು ಹತ್ತಿರವಾಗುತ್ತ ಹೋಗುತ್ತವೆ. ಎರಡು ಸಲ ಬೀಪ್ ತಪ್ಪಿದರೆ ಔಟ್. 2,000 ಮೀಟರ್ ಮುಟ್ಟಿದವನು ಒಳ್ಳೆಯ ಮಟ್ಟದ ಆಟಗಾರ ಎನ್ನಬಹುದು. ಅಷ್ಟರಲ್ಲಿ ಅವನು 50 ಸಲ ನಿಂತು, ಬಂದ ದಾರಿಗೆ ಪೂರ್ತಿ ತಿರುಗಿರುತ್ತಾನೆ ಎಂಬುದನ್ನು ಮರೆಯಬಾರದು. ದಮ್ಮಿದ್ದೂ ತಿರುಗಲು ಬಾರದವನು ಇಲ್ಲಿ ಸೋಲುತ್ತಾನೆ.

ಚಿತ್ರದುರ್ಗದಲ್ಲಿ ಈ ಪರೀಕ್ಷೆಗೆ ಗಾಳಿ ಕೈಕೊಡುತ್ತದೆ. ಮೊಬೈಲ್ ಸ್ಪೀಕರಿನ ಬೀಪ್ ಹತ್ತು ಮಾರು ದಾಟುವುದಿಲ್ಲ, ದೊಡ್ಡ ಸ್ಪೀಕರ್ ಬೇಕು. ಅದಕ್ಕಿಂತ ಮುಖ್ಯ ದಿಕ್ಕು. ಹೋಗುವಾಗ ಎದುರುಗಾಳಿ, ಬರುವಾಗ ಬೆನ್ನುಗಾಳಿ, ಲೆಕ್ಕ ಸರಿಹೋಯಿತು ಎಂದುಕೊಂಡರೆ ತಪ್ಪು. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 15 ಕಿಲೋಮೀಟರ್ ವೇಗದಲ್ಲಿ ಓಡುವವನಿಗೆ ಅಷ್ಟೇ ವೇಗದ ಗಾಳಿ ಎದುರಾದರೆ ತಡೆ ನಾಲ್ಕು ಪಟ್ಟು. ಬೆನ್ನಿಗೆ ಬಂದರೆ ಸೊನ್ನೆ. ಸರಾಸರಿ ಎರಡು ಪಟ್ಟು. ಗಾಳಿಯಿಲ್ಲದ ದಿನಕ್ಕಿಂತ ನಷ್ಟವೇ. ಓಟದ ಸಾಲನ್ನು ಗಾಳಿಗೆ ಅಡ್ಡಲಾಗಿ ಹಾಕಿ, ಬೆಳಗ್ಗೆ ಗಾಳಿ ಏಳುವ ಮುನ್ನ ಮುಗಿಸುವುದು ಲೇಸು. 20 ಮೀಟರನ್ನು ಹೆಜ್ಜೆ ಹಾಕಿ ಅಳೆಯಬೇಡಿ, ಟೇಪ್ ತನ್ನಿ. ಒಂದು ಮೀಟರ್ ತಪ್ಪಿದರೆ 50 ಸುತ್ತಿಗೆ ನೂರು ಮೀಟರ್ ತಪ್ಪು.

ಗಾಳಿ ಇನ್ನೊಂದು ಆಟ ಆಡುತ್ತದೆ. ಬೆವರನ್ನು ಹುಟ್ಟಿದಲ್ಲೇ ಒಣಗಿಸಿಬಿಡುತ್ತದೆ. ಮೋಡ ಕವಿದ ತಂಪು ದಿನ, ಅಂಗಿ ಒದ್ದೆಯಿಲ್ಲ, ನೀರು ಯಾಕೆ ಎಂದುಕೊಂಡವರ ಜೆರ್ಸಿ ಮೇಲೆ ಸಂಜೆಗೆ ಉಪ್ಪಿನ ಬಿಳಿ ಗೆರೆ ಇರುತ್ತದೆ. ತಾಲೀಮಿಗೆ ಮುಂಚೆ, ಆಮೇಲೆ ತೂಕ ನೋಡಿದರೆ ಗುಟ್ಟು ರಟ್ಟು: ಒಂದು ಕಿಲೋ ಇಳಿದರೆ ಸುಮಾರು ಒಂದು ಲೀಟರ್ ನೀರು ಹೋಗಿದೆ. 60 ಕಿಲೋ ಹುಡುಗ 1.2 ಕಿಲೋ ಕಳೆದುಕೊಂಡರೆ ಅದು ಶೇಕಡ 2. ಅಲ್ಲಿಂದಾಚೆ ಆಟ ಕೆಡಲು ಶುರು. ಕಳೆದ ಪ್ರತಿ ಕಿಲೋಗೆ ಒಂದೂಕಾಲರಿಂದ ಒಂದೂವರೆ ಲೀಟರ್ ವಾಪಸ್ ಹೋಗಬೇಕು. ಉಪ್ಪು ಹಾಕಿದ ಮಜ್ಜಿಗೆ ಚೆನ್ನಾಗಿ ನಡೆಯುತ್ತದೆ. ಎರಡು ಗಂಟೆ ಮೊದಲು ಒಗ್ಗರಣೆ ಮಂಡಕ್ಕಿ ತಿಂದರೆ ತೊಂದರೆಯಿಲ್ಲ. ಜೊತೆಗಿನ ಮಿರ್ಚಿ ಮಾತ್ರ ಕಟ್ಟೆಯ ಮೇಲಿನವರಿಗಿರಲಿ. ಎಣ್ಣೆ ಹೊಟ್ಟೆಯಿಂದ ಬೇಗ ಇಳಿಯುವುದಿಲ್ಲ.

ದೊಡ್ಡ ಕ್ಲಬ್‌ಗಳ ಆಟಗಾರರ ಬೆನ್ನಲ್ಲಿ, ಎರಡು ಹೆಗಲೆಲುಬುಗಳ ನಡುವೆ, ಒಂದು ಸಣ್ಣ ಗುಬುಟು ಕಾಣುತ್ತದಲ್ಲ, ಅದು ಜಿಪಿಎಸ್ ಪೆಟ್ಟಿಗೆ. ಸಾಮಾನ್ಯವಾಗಿ ಸೆಕೆಂಡಿಗೆ 10 ಸಲ ಆಟಗಾರ ಎಲ್ಲಿದ್ದಾನೆಂದು ಬರೆದಿಡುತ್ತದೆ, ಎಷ್ಟು ಸಲ ಜೋರಾಗಿ ಬ್ರೇಕ್ ಹಾಕಿದ ಎಂದೂ ಎಣಿಸುತ್ತದೆ. ಬಳ್ಳಾರಿ ಸೀಮೆಯ ವಿಜಯನಗರದಲ್ಲಿರುವ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ಪ್ರಿ-ಸೀಸನ್ ನಡೆಸಿದ್ದುಂಟು. ಅಂಥ ಕಡೆ ಇವೆಲ್ಲ ಮಾಮೂಲು. ಊರ ತಂಡಕ್ಕೆ ಒಂದು ನೋಟ್‌ಬುಕ್ ಸಾಕು. ತಾಲೀಮು ಮುಗಿದ ಅರ್ಧ ಗಂಟೆಗೆ ಪ್ರತಿ ಆಟಗಾರನನ್ನು ಕೇಳಬೇಕು: ಇವತ್ತು ಎಷ್ಟು ಕಷ್ಟ ಆಯ್ತು, ಹತ್ತಕ್ಕೆ ಎಷ್ಟು? ಆ ಅಂಕವನ್ನು ನಿಮಿಷಗಳಿಂದ ಗುಣಿಸಬೇಕು. 60 ನಿಮಿಷ, ಕಷ್ಟ 7 ಎಂದರೆ 420. ವಾರದ ಮೊತ್ತ ಹಾರದೆ ಮೆಲ್ಲಗೆ ಏರಬೇಕು. ವಾರಕ್ಕೆ ಶೇಕಡ 10ರಷ್ಟೇ ಏರಿಸಿ ಎಂಬ ಪ್ರಸಿದ್ಧ ಸೂತ್ರಕ್ಕೆ ಗಟ್ಟಿ ಪುರಾವೆಯಿಲ್ಲ, ಆದರೆ ಅದರ ದಿಕ್ಕು ಸರಿ. ಹುಡುಗರು ಒಬ್ಬರೆದುರು ಒಬ್ಬರು ಕೇಳಿಸಿಕೊಂಡರೆ ಎಲ್ಲರದೂ ‘ಮೂರು’ ಆಗಿಬಿಡುತ್ತದೆ. ಒಬ್ಬೊಬ್ಬರನ್ನೇ ಕರೆದು ಕೇಳಬೇಕು.

ನಾಲ್ಕು ಜನ ನಾಲ್ಕು ಜನರ ಎದುರು ಆಡುವ ಸಣ್ಣ ಆಟವನ್ನು ಕಟ್ಟೆಯವರು ‘ಮಜಾ ಮಾಡ್ತಿದಾರೆ’ ಎಂದುಕೊಳ್ಳುತ್ತಾರೆ. 25x20 ಮೀಟರಿನ ಅಂಕಣದಲ್ಲಿ ಒಬ್ಬೊಬ್ಬನ ಪಾಲಿಗೆ ಬರುವುದು 62 ಚದರ ಮೀಟರ್. 105x68ರ ಪೂರ್ತಿ ಮೈದಾನದಲ್ಲಿ 324. ಜಾಗ ಕಿರಿದಾದಷ್ಟೂ ವೇಗ ಏರುವ ಮೊದಲೇ ನಿಲ್ಲಬೇಕು, ತಿರುಗಬೇಕು. ಬ್ರೇಕುಗಳ ಸುರಿಮಳೆ. ಪೂರ್ತಿ ವೇಗ ಮಾತ್ರ ಇಲ್ಲಿ ಸಿಗದು. ಅದಕ್ಕೆ 30–40 ಮೀಟರ್ ನೇರ ಓಟವೇ ಬೇಕು. ಬರೀ ಸಣ್ಣ ಆಟ ಆಡಿಸಿ ಪಂದ್ಯಕ್ಕಿಳಿಸಿದರೆ, ಮೊದಲ ಉದ್ದನೆ ಓಟಕ್ಕೇ ಹ್ಯಾಮ್‌ಸ್ಟ್ರಿಂಗ್ ಹಿಡಿಯುತ್ತದೆ. ಎರಡನ್ನೂ ಒಂದೇ ದಿನ ತುರುಕದೆ ಬೇರೆ ಬೇರೆ ದಿನ ಇಡುವುದು ಜಾಣತನ.

ನೆಲವನ್ನೂ ನೋಡಬೇಕು. ನಮ್ಮ ಗಟ್ಟಿ ಕೆಂಪು ನೆಲದ ಮೇಲೆ ಸಣ್ಣ ಹರಳು ಹರಡಿದ್ದರೆ ಬ್ರೇಕ್ ಹಿಡಿಯುವುದಿಲ್ಲ. ಕಾಲು ಜಾರಿ ತೊಡೆಸಂದು ಎಳೆಯುತ್ತದೆ. ಆರು ಉದ್ದ ಸ್ಟಡ್‌ಗಳ ಶೂ ಇರುವುದು ಮೆತ್ತನೆಯ ಹಸಿ ನೆಲಕ್ಕೆ. ಒಣ ನೆಲದಲ್ಲಿ ಅದು ಊರುವುದೇ ಇಲ್ಲ, ಅಂಗಾಲಿಗೆ ಒತ್ತುತ್ತದೆ. ಗಿಡ್ಡ ರಬ್ಬರ್ ಮೊಳೆಗಳು ತುಂಬಿರುವ ಶೂ ಇಲ್ಲಿಗೆ ಒಗ್ಗುತ್ತದೆ. ಹಿಂದಿನ ಸಂಜೆ ಗುಡಿಸಿ ನೀರು ಚಿಮುಕಿಸಿದರೆ ನೆಲ ಹಿಡಿತ ಕೊಡುತ್ತದೆ.

ನಾಲ್ಕನೇ ವಾರದಿಂದ ಅಭ್ಯಾಸ ಪಂದ್ಯಗಳು. 45 ನಿಮಿಷ, ಆಮೇಲೆ 60, 75, ಕೊನೆಗೆ 90. ಅರ್ಧಕ್ಕೆ ಹನ್ನೊಂದೂ ಜನ ಬದಲಾಗುವ ಇಂಥ ಪಂದ್ಯದ ಸ್ಕೋರ್ ಹಿಡಿದು ಚಹಾದಂಗಡಿಯಲ್ಲಿ ಜಗಳವಾಡುವುದು ದಂಡ. ನೋಡಬೇಕಾದದ್ದು 70ನೇ ನಿಮಿಷದ ಆಚೆಗಿನ ಡಿಫೆಂಡರನ್ನು. ಎದುರಾಳಿ ಪಕ್ಕದಿಂದ ನುಗ್ಗಿ ತಟ್ಟನೆ ಚೆಂಡನ್ನು ಹಿಂದಕ್ಕೆಳೆದಾಗ ಇವನು ಅವನ ಜೊತೆಗೇ ನಿಂತನೋ, ಇನ್ನೂ ಎರಡು ಹೆಜ್ಜೆ ಜಾರಿಕೊಂಡು ಮುಂದೆ ಹೋದನೋ.